ತುಂಗಭದ್ರೆಯ ದಂಡೆಯಲ್ಲಿ ನೀರುನಾಯಿಯ ಜಾಡು

ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ತುಂಗಭದ್ರೆ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ. ಇಲ್ಲಿ ಸಮೀಕ್ಷೆಗೆ ಇಳಿದಾಗ ನಾನು ಮೊದಲು ಹುಡುಕುವುದು ಹಿಕ್ಕೆ. ಪ್ರಾಣಿ ಕಣ್ಣಿಗೆ ಬೀಳುವುದು ಅಪರೂಪ, ಹಿಕ್ಕೆ ಬಂಡೆಯ ಮೇಲೆ ದಿನಗಟ್ಟಲೆ ಉಳಿಯುತ್ತದೆ.

ಜನವರಿಯಿಂದ ಏಪ್ರಿಲ್ ಒಳ್ಳೆಯ ಕಾಲ. ಜಲಾಶಯದಿಂದ ನೀರು ಬಿಟ್ಟರೆ ಗುರುತೆಲ್ಲ ತೊಳೆದುಹೋಗುತ್ತದೆ. ಮಟ್ಟ ಇಳಿದು ನಾಲ್ಕೈದು ದಿನ ಕಳೆಯದೆ ಹೋದರೆ, ನೀರುನಾಯಿ ಇರುವ ಕಡೆಯೂ 'ಇಲ್ಲ' ಎಂದು ಬರೆದುಕೊಂಡು ಬರುತ್ತೇವೆ. ದಂಡೆಯನ್ನು 600 ಮೀಟರ್ ತುಂಡುಗಳಾಗಿ ಗುರುತಿಸಿಕೊಂಡು ಇಬ್ಬರು ನಡೆಯುತ್ತೇವೆ: ಒಬ್ಬರು ನೀರಂಚಿನಲ್ಲಿ, ಇನ್ನೊಬ್ಬರು ಐದಾರು ಮೀಟರ್ ಮೇಲೆ. ಹೊಳೆಗೆ ಚಾಚಿದ ಬಂಡೆ, ಮರಳುದಿಬ್ಬ, ಜೊಂಡಿನ ಅಂಚು ಇವನ್ನು ಬಿಡುವಂತಿಲ್ಲ.

ಹೊಸ ಹಿಕ್ಕೆ ಕಪ್ಪಗೆ, ಜಿಗುಟಾಗಿ, ಮೀನೆಣ್ಣೆಯ ಘಾಟು ಹೊಡೆಯುತ್ತದೆ. ಬಿಸಿಲಿಗೆ ಒಣಗಿದ ಮೇಲೆ ಬೂದಿಬಣ್ಣದ ಪುಡಿ, ಅದರೊಳಗೆ ಮಿನುಗುವ ಮೀನಿನ ಹುರುಪೆ, ಸಣ್ಣ ಬೆನ್ನೆಲುಬು, ಕೆಲವೊಮ್ಮೆ ಏಡಿಯ ಚಿಪ್ಪಿನ ಚೂರು. ಒದ್ದೆ ಮರಳಿನಲ್ಲಿ ಹೆಜ್ಜೆ ಸಿಕ್ಕರೆ ಬೆರಳು ಎಣಿಸಿ: ನೀರುನಾಯಿಗೆ ಐದು, ಬೆರಳ ನಡುವೆ ಜಾಲಪೊರೆಯ ಗುರುತು, ನಾಯಿ, ನರಿಗೆ ನಾಲ್ಕೇ.

ಹಿಕ್ಕೆಯನ್ನು ಕಡ್ಡಿಯಿಂದ ಎತ್ತಿ ಕಾಗದದ ಲಕೋಟೆಗೆ ಹಾಕಿ. ಪ್ಲಾಸ್ಟಿಕ್ಕಿನಲ್ಲಿಟ್ಟರೆ ಬೂಷ್ಟು ಬಂದು ಕೆಡುತ್ತದೆ. ರಾತ್ರಿಯಿಡೀ ಸೋಪುನೀರಿನಲ್ಲಿ ನೆನೆಸಿ, ಸಣ್ಣ ಕಣ್ಣಿನ ಜರಡಿಯಲ್ಲಿ ತೊಳೆದು, ನೆರಳಲ್ಲಿ ಒಣಗಿಸಿದರೆ ಏನು ತಿಂದಿದೆ ಎಂಬುದು ಹುರುಪೆಯಿಂದಲೇ ತಿಳಿಯುತ್ತದೆ. ಕೈಗವಸು ಕಡ್ಡಾಯ.

ಹೊಸಬರು ಎಡವುವುದು ಲೆಕ್ಕದಲ್ಲಿ. ಒಂದು ಗುಂಪಿನ ಎಲ್ಲವೂ ಒಂದೇ ಬಂಡೆಯನ್ನು ಕಕ್ಕಸಾಗಿ ಬಳಸುತ್ತವೆ, ದಿನವೂ ಬರುತ್ತವೆ. ಇಪ್ಪತ್ತು ಹಿಕ್ಕೆ ಅಂದರೆ ಇಪ್ಪತ್ತು ನೀರುನಾಯಿ ಅಲ್ಲ. ನಾವು ಬರೆಯುವುದು 'ಇದೆ', 'ಸಿಗಲಿಲ್ಲ' ಎಂದಷ್ಟೇ, ಜೊತೆಗೆ ಹಿಕ್ಕೆ ಹೊಸದೋ ಹಳೆಯದೋ ಎಂದು.

ಅದೇ ಹಾಳೆಯಲ್ಲಿ ಅಪಾಯಗಳಿಗೂ ಒಂದು ಕಾಲಂ ಬೇಕೇ ಬೇಕು: ಮರಳು ತೆಗೆದ ಗುಂಡಿ, ಸುಟ್ಟ ಜೊಂಡು, ಬಿಟ್ಟುಹೋದ ನೈಲಾನ್ ಬಲೆ. ಮರಳು ಅಗೆದ ಕಡೆ ದಂಡೆಯ ಬಿಲವೂ ಕುಸಿಯುತ್ತದೆ. ಬಲೆ ಹರಿಯುತ್ತದೆಂದು ಮೀನುಗಾರರಿಗೆ ನೀರುನಾಯಿಯ ಮೇಲೆ ಸಿಟ್ಟಿದೆ. ಅವರ ನಷ್ಟ ನಿಜ, ಅದನ್ನೂ ಬರೆದುಕೊಳ್ಳಬೇಕು. ಮರಿಯಿರುವ ಬಿಲದ ಜಾಗವನ್ನು ಮಾತ್ರ ನಾವು ಯಾರಿಗೂ ಹೇಳುವುದಿಲ್ಲ, ಫೋಟೊ ಹಾಕುವುದಿಲ್ಲ.

ಮೀನು ಹಿಡಿಯಲು ಸಿಡಿಮದ್ದು ಹಾಕಿದ ಮಡು ಬೆಳಗ್ಗೆ ಗೊತ್ತಾಗುತ್ತದೆ: ಬೆರಳುದ್ದದ ಮರಿಮೀನುಗಳು ಹೊಟ್ಟೆ ಮೇಲಾಗಿ ಅಂಚಿಗೆ ಬಂದಿರುತ್ತವೆ. ಕಾಗೆಗಳು ಎತ್ತಿಕೊಂಡು ಹೋಗುವ ಮೊದಲೇ ಫೋಟೊ, ಜಿಪಿಎಸ್, ಸಮಯ ಮೂರನ್ನೂ ದಾಖಲಿಸಬೇಕು.