ನವೆಂಬರ್ 1ರಿಂದ 8: ಅಗಲಿದವರಿಗಾಗಿ ಪೂರ್ಣ ದಂಡವಿಮೋಚನೆ ಪಡೆಯುವ ಕ್ರಮ

ಸತ್ತ ಕೂಡಲೇ ಪ್ರತಿ ಆತ್ಮಕ್ಕೂ ತೀರ್ಪಾಗುತ್ತದೆ ಎಂಬುದು ಕಥೋಲಿಕ ಬೋಧನೆ. ದೇವರ ಕೃಪೆಯಲ್ಲಿ ತೀರಿಕೊಂಡರೂ ಇನ್ನೂ ಪೂರ್ತಿ ಶುದ್ಧರಾಗದವರು ಶುದ್ಧೀಕರಣ ಸ್ಥಳದಲ್ಲಿರುತ್ತಾರೆ. ಅವರಿಗೆ ಸ್ವರ್ಗ ಖಚಿತ. ಆದರೆ ತಮಗಾಗಿ ತಾವೇ ಪುಣ್ಯ ಗಳಿಸಲಾರರು. ಕ್ಷಮೆಯಾದ ಪಾಪಕ್ಕೂ ಉಳಿಯುವ ತಾತ್ಕಾಲಿಕ ದಂಡನೆಯೆಲ್ಲ ಮನ್ನಾ ಆಗುವುದೇ ಪೂರ್ಣ ದಂಡವಿಮೋಚನೆ. ಅದನ್ನು ಅವರಿಗಾಗಿ ದೇವರಲ್ಲಿ ಬೇಡಿಕೊಳ್ಳಬಹುದು.

ಈ ಎಂಟು ದಿನಗಳಲ್ಲಿ ಕ್ರೈಸ್ತ ಸ್ಮಶಾನಕ್ಕೆ ಹೋಗಿ ಮೃತರಿಗಾಗಿ ಪ್ರಾರ್ಥಿಸಿ. ಮನಸ್ಸಿನಲ್ಲೇ ಪ್ರಾರ್ಥಿಸಿದರೂ ಸಾಕು. ಸಮಾಧಿಗೆ ಸುಣ್ಣ ಬಳಿದು, ಹೂವಿಟ್ಟು, ಮೇಣದಬತ್ತಿ ಹಚ್ಚಿ, ಪ್ರಾರ್ಥಿಸದೆ ಮರಳಿದರೆ ದಂಡವಿಮೋಚನೆ ಇಲ್ಲ. ಸಕಲ ಮೃತರ ಸ್ಮರಣೆಯ ಹಬ್ಬವಾದ ನವೆಂಬರ್ 2ರಂದು ಇನ್ನೊಂದು ದಾರಿಯೂ ಉಂಟು: ಚರ್ಚಿಗೆ ಹೋಗಿ ಪರಲೋಕ ಮಂತ್ರ (ಯೇಸು ಕಲಿಸಿದ ಪ್ರಾರ್ಥನೆ), ವಿಶ್ವಾಸ ಸಂಗ್ರಹ (ಕ್ರೈಸ್ತ ನಂಬಿಕೆಯ ಘೋಷಣೆ) ಹೇಳುವುದು. ಎರಡೂ ಮಾಡಿದರೂ ದಿನಕ್ಕೆ ದಕ್ಕುವುದು ಒಂದೇ.

ಜೊತೆಗೆ ಪಾಪನಿವೇದನೆ (ಗುರುಗಳ ಮುಂದೆ ಪಾಪ ಹೇಳಿಕೊಂಡು ಕ್ಷಮೆ ಪಡೆಯುವುದು), ಪರಮಪ್ರಸಾದ (ಪೂಜೆಯಲ್ಲಿ ಕ್ರಿಸ್ತರ ಶರೀರವೆಂದು ಸ್ವೀಕರಿಸುವ ರೊಟ್ಟಿ), ಪೋಪರ ಉದ್ದೇಶಗಳಿಗಾಗಿ ಪ್ರಾರ್ಥನೆ ಬೇಕು. ಕೊನೆಯದಕ್ಕೆ ಒಂದು ಪರಲೋಕ ಮಂತ್ರ, ಒಂದು ನಮೋ ಮರಿಯಾ (ಯೇಸುವಿನ ತಾಯಿ ಮರಿಯಳಿಗೆ ಪ್ರಾರ್ಥನೆ) ಸಾಕು. ಲೆಕ್ಕ ತಪ್ಪುವುದು ಇಲ್ಲೇ. ಒಂದೇ ಪಾಪನಿವೇದನೆ ಹಲವು ದಂಡವಿಮೋಚನೆಗಳಿಗೆ ಆಗುತ್ತದೆ. ಪರಮಪ್ರಸಾದ ಮತ್ತು ಪೋಪರ ಉದ್ದೇಶಗಳಿಗಾಗಿ ಪ್ರಾರ್ಥನೆ ಪ್ರತಿಯೊಂದಕ್ಕೂ ಬೇರೆ. ಎಂಟೂ ದಿನ ಸ್ಮಶಾನಕ್ಕೆ ಹೋಗುವವರು ಒಮ್ಮೆ ಪಾಪನಿವೇದನೆ ಮಾಡಿ, ಎಂಟು ಸಲ ಪರಮಪ್ರಸಾದ ಸ್ವೀಕರಿಸಬೇಕು. ಪರಮಪ್ರಸಾದ, ಪ್ರಾರ್ಥನೆ ಅದೇ ದಿನವಾದರೆ ಒಳ್ಳೆಯದು. ಹಬ್ಬದ ಹೊತ್ತಿಗೆ ಪಾಪನಿವೇದನೆಗೆ ಸಾಲು ಉದ್ದವಿದ್ದರೆ ಗಾಬರಿ ಬೇಡ, ಸುಮಾರು 20 ದಿನ ಹಿಂದೆ ಮುಂದೆ ಆದರೂ ನಡೆಯುತ್ತದೆ. ಆದರೆ ಮಾರಕ ಪಾಪ (ದೇವರ ಕೃಪೆಯನ್ನೇ ಕಳೆಯುವ ಘೋರ ಪಾಪ) ಮೈಮೇಲಿದ್ದರೆ ಪರಮಪ್ರಸಾದಕ್ಕೆ ಮೊದಲೇ ಪಾಪನಿವೇದನೆ ಮಾಡಿ.

ಇಷ್ಟೆಲ್ಲ ಆದ ಮೇಲೂ ಕೈತಪ್ಪಿಸುವುದು ಕೊನೆಯ ಷರತ್ತು: ಲಘು ಪಾಪವೂ ಸೇರಿ ಯಾವ ಪಾಪದ ಮೇಲೂ ಆಸೆ ಇರಕೂಡದು. ಮತ್ತೆಂದೂ ಎಡವುವುದಿಲ್ಲ ಎಂಬ ಖಾತರಿಯನ್ನೇನೂ ಯಾರೂ ಕೇಳುವುದಿಲ್ಲ. ಆದರೆ ಅಣ್ಣತಮ್ಮಂದಿರ ಜಗಳದಲ್ಲಿ ಹಗೆಯನ್ನು ಬೇಕೆಂದೇ ಉಳಿಸಿಕೊಂಡು ಅಪ್ಪನ ಸಮಾಧಿಯ ಮುಂದೆ ನಿಂತರೆ ಪೂರ್ಣ ವಿಮೋಚನೆ ಸಿಗದು. ಯಾವುದೇ ಷರತ್ತು ತಪ್ಪಿದರೆ ಅದು ಭಾಗಶಃ ದಂಡವಿಮೋಚನೆಯಾಗುತ್ತದೆ.

ಇದನ್ನು ಬದುಕಿರುವ ಬೇರೊಬ್ಬರಿಗೆ ಅರ್ಪಿಸಲಾಗದು. ಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಹಳೇ ಪ್ರಾರ್ಥನಾ ಪುಸ್ತಕಗಳಲ್ಲಿ ದಂಡವಿಮೋಚನೆಯ ಅಳತೆಯಾಗಿ ‘300 ದಿನ’ ಎಂದಿದ್ದರೆ ಗೊಂದಲ ಬೇಡ: 1967ರಲ್ಲಿ ಪೋಪ್ ಆರನೇ ಪೌಲರು ಆ ದಿನಗಣನೆಯನ್ನೇ ತೆಗೆದುಹಾಕಿದರು.