ನಿಂತ ನೀರಿನ ಜಲವರ್ಣ: ಬರೆಯುವುದು, ಹಂಚುವುದು

ಗಾಳಿ ಏಳುವ ಮುನ್ನ, ಬೆಳ್ಳಂಬೆಳಗ್ಗೆ ಹಂಪಿಯ ಬಳಿ ತುಂಗಭದ್ರೆ ಕೆಲವೆಡೆ ಕನ್ನಡಿಯಂತೆ ನಿಂತಿರುತ್ತದೆ. ದಡದ ಬಂಡೆಗಳು, ಒಂದು ಹರಿಗೋಲು, ಅವುಗಳ ಪ್ರತಿಬಿಂಬ: ಜಲವರ್ಣಕ್ಕೆ ಇಷ್ಟು ಸಾಕು. ಪ್ರತಿಬಿಂಬ ಸರಿಯಾಗಿ ಕೂತರೆ, ತೆಳು ಬಣ್ಣಗಳು ಕಾಗದದಲ್ಲೂ ಮೊಬೈಲ್ ಪರದೆಯಲ್ಲೂ ಉಳಿದರೆ ನೀರು ಶಾಂತವಾಗಿ ಕಾಣುತ್ತದೆ. ಚಿತ್ರ ಕೆಡುವುದೂ ಈ ಎರಡು ಕಡೆಯಲ್ಲೇ.

ಎ4 ಅಳತೆಯ, 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ) ದಪ್ಪದ ಹತ್ತಿ ಕಾಗದ ತೆಗೆದುಕೊಳ್ಳಿ. ಕಾಗದ ತೆಳ್ಳಗಿದ್ದರೆ ಒದ್ದೆಯಾದ ಕೂಡಲೇ ಉಬ್ಬಿ, ತಗ್ಗಿನಲ್ಲಿ ಬಣ್ಣ ನಿಂತು ಕಲೆಯಾಗುತ್ತದೆ. ನಾಲ್ಕೂ ಅಂಚಿಗೆ ಮಾಸ್ಕಿಂಗ್ ಟೇಪ್ ಹಾಕಿ ಹಲಗೆಗೆ ಅಂಟಿಸಿ. ಬಣ್ಣ ಮೂರೇ ಸಾಕು: ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನಾ (ಕೆಂಗಂದು), ಯೆಲ್ಲೋ ಓಕರ್ (ಮಣ್ಣಿನ ಹಳದಿ). ಕುಂಚ ಎರಡು: ಒಂದಿಂಚಿನ ಚಪ್ಪಟೆ ಕುಂಚ, 8ನೇ ನಂಬರಿನ ದುಂಡು ಕುಂಚ.

ಪೆನ್ಸಿಲಿನಲ್ಲಿ ಮೊದಲು ನೀರಂಚಿನ ಗೆರೆ ಎಳೆಯಿರಿ, ಕಾಗದದ ಮೇಲಿನಿಂದ ಮೂರರಲ್ಲೊಂದು ಭಾಗದಷ್ಟು ಕೆಳಗೆ. ಇದಕ್ಕೆ ಅಳತೆಪಟ್ಟಿ ಬಳಸಿ. ಗೆರೆ ಸ್ವಲ್ಪ ವಾಲಿದರೂ ಹೊಳೆ ಒಂದು ಬದಿಗೆ ಚೆಲ್ಲಿದಂತೆ ಕಾಣುತ್ತದೆ. ಹರಿಗೋಲು ದುಂಡಗಿದ್ದರೂ ದಡದಿಂದ ನೋಡುವವರಿಗೆ ಅದರ ಬಾಯಿ ಚಪ್ಪಟೆ ಅಂಡಾಕಾರ. 6 ಸೆಂ.ಮೀ. ಅಗಲ ಬರೆದರೆ ಬಾಯಿಯ ಎತ್ತರ 1 ಸೆಂ.ಮೀ. ಇರಲಿ. ಇದಕ್ಕಿಂತ ದುಂಡಗಾದರೆ ಹರಿಗೋಲನ್ನು ಗುಡ್ಡದ ಮೇಲಿನಿಂದ ನೋಡಿದಂತಾಗಿ, ಹಿಂದಿನ ನೀರು ಗೋಡೆಯಂತೆ ಎದ್ದು ನಿಲ್ಲುತ್ತದೆ.

ಇನ್ನು ಪ್ರತಿಬಿಂಬ. ಸೂರ್ಯ ಎಲ್ಲೇ ಇರಲಿ, ವಸ್ತುವಿನ ಪ್ರತಿಬಿಂಬ ಅದರ ನೇರ ಕೆಳಗೇ ಬೀಳುತ್ತದೆ. ಓರೆಯಾಗುವುದು ನೆರಳು. ಈ ಎರಡನ್ನು ಬೆರೆಸಿದರೆ ಉಳಿದದ್ದೆಲ್ಲ ಚೆನ್ನಾಗಿದ್ದರೂ ಚಿತ್ರ ಸುಳ್ಳೆನಿಸುತ್ತದೆ. ನೀರಿಗೆ ತಾಗಿದ ಬಂಡೆ ಎಷ್ಟು ಎತ್ತರವೋ ಪ್ರತಿಬಿಂಬವೂ ಸುಮಾರು ಅಷ್ಟೇ ಉದ್ದ. ದಡದಿಂದ ಹಿಂದೆ ಸರಿದ ಬಂಡೆಯದ್ದಾದರೆ ತುದಿಭಾಗ ಮಾತ್ರ ಕಾಣುತ್ತದೆ, ಬುಡವನ್ನು ದಡ ಮರೆಮಾಡುತ್ತದೆ. ಕಪ್ಪು ವಸ್ತು ನೀರಿನಲ್ಲಿ ತುಸು ತಿಳಿಯಾಗಿಯೂ, ಬಿಳಿ ವಸ್ತು ತುಸು ಮಬ್ಬಾಗಿಯೂ ಕಾಣುತ್ತದೆ.

ಬಣ್ಣಕ್ಕೆ ಬಂದರೆ, ಹಲಗೆಯ ಮೇಲಂಚಿನಡಿ 2–3 ಸೆಂ.ಮೀ. ದಪ್ಪದ ಪುಸ್ತಕ ಇಟ್ಟು ಇಡೀ ಕಾಗದವನ್ನು ಒದ್ದೆ ಮಾಡಿ. ನಿಂತ ನೀರು ಇಂಗಿ ಬರೀ ಹೊಳಪು ಉಳಿದಾಗ ಆಕಾಶ ಹಾಕಿ: ಮೇಲೆ ನೀಲಿ, ನೀರಂಚಿನ ಕಡೆಗೆ ತೆಳು ಓಕರ್. ನೀರಿಗೆ ಇದನ್ನೇ ತಿರುಗಿಸಿ. ದೂರದ ನೀರು ದಿಗಂತದ ತಿಳಿ ಆಕಾಶವನ್ನು ತೋರುತ್ತದೆ, ಕಾಲಬುಡದ ನೀರು ನೆತ್ತಿಯ ಕಡೆಯ ಗಾಢ ಆಕಾಶವನ್ನು. ಹಾಗಾಗಿ ದೂರ ತಿಳಿ, ಹತ್ತಿರ ಗಾಢ. ಒಂದೇ ನೀಲಿ ಬಳಿದರೆ ಹೊಳೆ ಮಟ್ಟಸವಾಗಿ ಮಲಗಿದಂತೆ ಕಾಣುವುದಿಲ್ಲ.

ಪೂರ್ತಿ ಒಣಗಲಿ. ಅಂಗೈಯ ಹಿಂಬದಿ ತಾಗಿಸಿದಾಗ ತಣ್ಣಗೆನಿಸಿದರೆ ಇನ್ನೂ ಒದ್ದೆ ಇದೆ. ಸಿಯೆನಾಕ್ಕೆ ನೀಲಿ ಬೆರೆಸಿದರೆ ಬಂಡೆಗೆ ಬೇಕಾದ ಬೂದು ಸಿಗುತ್ತದೆ. ಬಂಡೆ ಮುಗಿಸಿ, ಅದರ ಕೆಳಗಿನ ನೀರಿನ ಭಾಗವನ್ನಷ್ಟೇ ಬರಿನೀರಿನಿಂದ ಮತ್ತೆ ಒದ್ದೆ ಮಾಡಿ, ಅದೇ ಬೂದನ್ನು ಮೇಲಿನಿಂದ ಕೆಳಕ್ಕೆ ಇಳಿಸಿ. ಬಳಿಕ ಹಿಂಡಿದ ಚಪ್ಪಟೆ ಕುಂಚವನ್ನು ಒಮ್ಮೆ ಅಡ್ಡ ಎಳೆದರೆ ಬಿಳಿ ಗೆರೆಯೊಂದು ಎದ್ದು ಬರುತ್ತದೆ. ನೀರಿನ ಮೈ ಕಾಣುವುದು ಆ ಗೆರೆಯಿಂದ. ಅರೆ ಒಣಗಿದ ಬಣ್ಣಕ್ಕೆ ತೊಯ್ದ ಕುಂಚ ಇಟ್ಟರೆ ನೀರು ಬಣ್ಣವನ್ನು ಹೊರಕ್ಕೆ ತಳ್ಳಿ ಹೂಕೋಸಿನಂಥ ಅಂಚು ಮೂಡುತ್ತದೆ. ಹಾಗಾದರೆ ತಿದ್ದಲು ಹೋಗಬೇಡಿ, ಒಣಗಲು ಬಿಡಿ.

ಹರಿಗೋಲು ನೀರಿಗೆ ತಾಗುವಲ್ಲಿ ಚಿತ್ರದ ಅತಿ ಕಪ್ಪು ಗೆರೆ ಇರಲಿ, ಇಲ್ಲವಾದರೆ ಅದು ಗಾಳಿಯಲ್ಲಿ ತೇಲುತ್ತದೆ. ಅಲೆ ಮೂರು ನಾಲ್ಕು ಸಾಕು: ಹತ್ತಿರದವು ದೂರ ದೂರ, ದೂರದವು ಒತ್ತೊತ್ತಾಗಿ. ಇನ್ನೊಂದು ಎಳೆಯೋಣ ಅನಿಸಿದಾಗ ಕುಂಚ ತೊಳೆದಿಡಿ.

ಹಂಚುವ ಮೊದಲು ಚಿತ್ರವನ್ನು ಒಂದು ದಿನ ದಪ್ಪ ಪುಸ್ತಕದಡಿ ಒತ್ತಿಡಿ. ಫೋಟೊಗೆ ನೇರ ಬಿಸಿಲು ಬೇಡ, ಟ್ಯೂಬ್‌ಲೈಟೂ ಬೇಡ. ಹಗಲಿನ ಜಗಲಿಯ ನೆರಳೇ ಒಳ್ಳೆಯದು. ಚಿತ್ರವನ್ನು ಗೋಡೆಗೆ ನೇರವಾಗಿ ನಿಲ್ಲಿಸಿ, ಸುಮಾರು ಒಂದು ಮೀಟರ್ ದೂರದಿಂದ 2 ಪಟ್ಟು ಜೂಮ್‌ನಲ್ಲಿ ತೆಗೆಯಿರಿ. ತೀರಾ ಹತ್ತಿರ ಹಿಡಿದರೆ ಅಂಚುಗಳು ಬಾಗಿ, ಜೋಪಾನ ಮಾಡಿದ ನೀರಂಚೇ ಸೊಟ್ಟಗಾಗುತ್ತದೆ. ಕ್ಯಾಮೆರಾದಲ್ಲಿ ಬೆಳಕಿನ ಮಟ್ಟವನ್ನು ತುಸು ಕಡಿಮೆ ಮಾಡಿಕೊಳ್ಳಿ, ಇಲ್ಲದಿದ್ದರೆ ದೂರದ ತೆಳು ಓಕರ್ ಬಿಳಿಯಲ್ಲಿ ಕರಗಿಹೋಗುತ್ತದೆ. ಸ್ಕ್ಯಾನ್ ಮಾಡುವುದಾದರೆ 300 ಡಿಪಿಐ (ಇಂಚಿಗೆ 300 ಚುಕ್ಕೆ) ಸಾಕು, ಎ4ಗೆ 2480 × 3508 ಪಿಕ್ಸೆಲ್ ಬರುತ್ತದೆ. ಬಣ್ಣ ತಾನಾಗಿ ತಿದ್ದುವ ಆಯ್ಕೆಯನ್ನು ಆಫ್ ಮಾಡಿಡಿ. ಪರದೆಯ ಮೇಲೆ ತಿದ್ದುವಾಗ ಮೂಲಚಿತ್ರ ಪಕ್ಕದಲ್ಲೇ ಇರಲಿ.

ಮೂಲ ಫೈಲ್ ಹಾಗೇ ಇಟ್ಟು, ಉದ್ದ ಬದಿ 2000 ಪಿಕ್ಸೆಲ್ ಇರುವ, ಎಸ್‌ಆರ್‌ಜಿಬಿ (ಪರದೆಗಳಲ್ಲಿ ಸಾಮಾನ್ಯವಾಗಿ ಬಳಸುವ ಬಣ್ಣಪದ್ಧತಿ) ಬಣ್ಣದ ಜೆಪೆಗ್ ಪ್ರತಿ ಮಾಡಿ. ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೊ ಆಗಿ ಕಳಿಸಿದರೆ ಅದು ಕುಗ್ಗಿಸುತ್ತದೆ, ಆಕಾಶದ ನಯವಾದ ಇಳಿಬಣ್ಣ ಪಟ್ಟೆಪಟ್ಟೆಯಾಗಬಹುದು. ಇನ್‌ಸ್ಟಾಗ್ರಾಮ್‌ನಲ್ಲಿ ಚೌಕವಾಗಿ ಕತ್ತರಿಸಲು ಬಿಡಬೇಡಿ, ಪ್ರತಿಬಿಂಬದ ತುದಿ ಹೋಗುತ್ತದೆ. ಕಾಗದ, ಬಣ್ಣ, ಅಳತೆ ನಮೂದಿಸಿ. ಕಣ್ಣು ಕಾಣದವರಿಗೆ ಪರದೆ ಓದುವ ತಂತ್ರಾಂಶ ಓದಿ ಹೇಳುವಂತೆ ಚಿತ್ರವಿವರಣೆಯನ್ನೂ ಸೇರಿಸಿ: “ಬೆಳಗಿನ ತುಂಗಭದ್ರಾ ಹೊಳೆ, ಬೂದು ಬಂಡೆಗಳ ಮುಂದೆ ಖಾಲಿ ಹರಿಗೋಲು, ಅದರ ಪ್ರತಿಬಿಂಬ ಅಲುಗದೆ ಕೆಳಗೆ.”