ನಮ್ಮ ವಾರ್ಡಿನ ನೆಟ್ ಲೆಕ್ಕ ನಾವೇ ತೆಗೆದ ಬಗೆ

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಕರ್ನಾಟಕದ ಗಡಿಯ ಹತ್ತಿರವಿರುವ ನಮ್ಮ ಪೆರ್ಲದ ಆಸುಪಾಸಿನಲ್ಲಿ ಯಾರ ಮನೆಗೆ ಹೋಗಿ "ನೆಟ್ ಉಂಟಾ?" ಅಂತ ಕೇಳಿದರೂ "ಉಂಟು" ಅಂತಲೇ ಉತ್ತರ. ಸ್ವಲ್ಪ ಹೊತ್ತು ಜಗಲಿಯಲ್ಲಿ ಕೂತರೆ ಮಾತ್ರ ಉಳಿದದ್ದು ಬರುತ್ತದೆ: "ಉಂಟು ಮಾಷ್ಟ್ರೇ, ಗುಡ್ಡೆ ಹತ್ತಿದರೆ." ಫಾರ್ಮಿನಲ್ಲಿ 'ಹೌದು' ಅಂತ ಗೀಚಿಕೊಂಡು ಎದ್ದು ಬಂದರೆ ಆ ಮನೆ ಸಂಪರ್ಕ ಇರುವವರ ಪಟ್ಟಿಗೆ ಸೇರಿಹೋಯಿತು. ಹಾಗಾಗಿ ಗ್ರಂಥಾಲಯದ ನಾವು ಕೆಲವರು ವಾರ್ಡಿನ ಇಂಟರ್ನೆಟ್ ಲೆಕ್ಕ ತೆಗೆಯಲು ಹೊರಟಾಗ ಈ ಪ್ರಶ್ನೆಯನ್ನು ಮೊದಲೇ ಕಿತ್ತುಹಾಕಿದೆವು.

ಬದಲಿಗೆ ಕೇಳಿದ್ದು ಇಂಥವು. ಫೋನ್ ಎಲ್ಲಿ ಹಿಡಿದರೆ ವಿಡಿಯೋ ನಿಲ್ಲದೆ ಓಡುತ್ತದೆ, ಒಳಗಾ, ಅಂಗಳದಲ್ಲಾ, ತೋಟ ದಾಟಿ ಮೇಲೆ ಬರಬೇಕಾ? ಕೊನೇ ಸಲ ನೆಟ್ ಹೋದದ್ದು ಯಾವಾಗ, ಬಂದದ್ದು ಯಾವಾಗ? ಮಕ್ಕಳ ಅರ್ಜಿ ಮನೆಯಿಂದ ಹಾಕಿದಿರಾ, ಅಕ್ಷಯ ಕೇಂದ್ರಕ್ಕೆ (ಆನ್‌ಲೈನ್ ಅರ್ಜಿ ಹಾಕಿಕೊಡುವ ಕೇರಳದ ಸೇವಾ ಕೇಂದ್ರ) ಹೋದಿರಾ? ಈ ಕೊನೇ ಪ್ರಶ್ನೆಯಿಂದ ಸಿಕ್ಕಷ್ಟು ಮಾಹಿತಿ ಬೇರೆ ಯಾವುದರಿಂದಲೂ ಸಿಗಲಿಲ್ಲ. ಫಾರ್ಮನ್ನು ಕನ್ನಡ, ಮಲಯಾಳ ಎರಡರಲ್ಲೂ ಮಾಡಿದ್ದೆವು, ಮಾತು ಹೆಚ್ಚಾಗಿ ತುಳುವಿನಲ್ಲಿ ನಡೆಯಿತು.

ಇದನ್ನೆಲ್ಲ ನಾವೇ ಯಾಕೆ ಮಾಡಬೇಕು, ಸರಕಾರದ ಹತ್ತಿರ ಲೆಕ್ಕ ಇಲ್ವಾ ಅಂತ ಕೇಳಿದವರಿದ್ದಾರೆ. ಇದೆ. ಆದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ತಿಂಗಳು ತಿಂಗಳು ಕೊಡುವ ಚಂದಾದಾರರ ಲೆಕ್ಕ ಸರ್ಕಲ್ (ಫೋನ್ ಸೇವೆಗೆ ದೇಶವನ್ನು ಹಂಚಿದ ವಲಯ) ಪ್ರಕಾರ ಇರುತ್ತದೆ, ಅಂದರೆ ಇಡೀ ಕೇರಳ ಒಂದೇ ಸಾಲು. ಹಳ್ಳಿಗಳಿಗೆ ಇಂಟರ್ನೆಟ್ ಕೇಬಲ್ ಎಳೆಯುವ ಕೇಂದ್ರ ಸರಕಾರದ ಯೋಜನೆ ಭಾರತ್‌ನೆಟ್‌ನ ಲೆಕ್ಕದಲ್ಲಿ ಪಂಚಾಯತಿಗೆ ಕೇಬಲ್ ತಲುಪಿದೆಯೇ ಎಂಬುದು ಗೊತ್ತಾಗುತ್ತದೆ, ಬೈಲಿನ (ಗುಡ್ಡೆಗಳ ನಡುವಿನ ತಗ್ಗು ಜಾಗದ) ಮನೆಗೆ ತಲುಪಿದೆಯೇ ಎಂಬುದು ಗೊತ್ತಾಗುವುದಿಲ್ಲ. ಮತ್ತೆ ಗಡಿಯ ತಾಪತ್ರಯ ಬೇರೆ. ಇಲ್ಲಿ ಎಷ್ಟೋ ಮಂದಿ ಪುತ್ತೂರು, ವಿಟ್ಲದಲ್ಲಿ ತೆಗೆದ ಸಿಮ್ ಹಾಕಿಕೊಂಡಿದ್ದಾರೆ. ಮನೆ ಕಾಸರಗೋಡಿನಲ್ಲಿ, ಚಂದಾದಾರ ಕರ್ನಾಟಕದ ಲೆಕ್ಕದಲ್ಲಿ! ಅದಕ್ಕೆ ನಮ್ಮ ಶೀಟಿನಲ್ಲಿ ಸಿಮ್ ಯಾವ ಸರ್ಕಲ್‌ನದು ಎಂದು ಬೇರೆಯೇ ಒಂದು ಕಾಲಮ್ ಇಟ್ಟೆವು.

ಅಮೆರಿಕದಲ್ಲೂ ಇದೇ ಕಥೆಯಾಗಿತ್ತು. ಅಲ್ಲಿ ಕಂಪೆನಿಗಳು ಜನಗಣತಿಯ ಬ್ಲಾಕ್ ಪ್ರಕಾರ ವರದಿ ಕೊಡುತ್ತಿದ್ದವು. ಬ್ಲಾಕಿನ ಒಂದು ಮನೆಗೆ ಸೇವೆ ಕೊಡಲು ಸಾಧ್ಯವಿದ್ದರೂ ಸಾಕು, ಇಡೀ ಬ್ಲಾಕಿಗೆ ಸೇವೆ ಇದೆ ಎಂದೇ ಲೆಕ್ಕ. 2020ರಲ್ಲಿ ಇದನ್ನು ಸರಿಪಡಿಸಲು ಕಾನೂನು ತಂದರು, 2022ರ ನವೆಂಬರ್‌ನಲ್ಲಿ ಒಂದೊಂದು ಕಟ್ಟಡವನ್ನೂ ಬೇರೆಯಾಗಿ ತೋರಿಸುವ ನಕ್ಷೆ ಬಂತು. ನನಗೆ ಅದರಲ್ಲಿ ಇಷ್ಟವಾದದ್ದು ನಕ್ಷೆಗಿಂತ ಜಾಸ್ತಿ, 'ಇದು ತಪ್ಪು' ಅಂತ ಸಾಮಾನ್ಯ ಮನುಷ್ಯನೂ ತಕರಾರು ಹಾಕಬಹುದು ಎಂಬ ಏರ್ಪಾಡು. ನಾವೂ ಶೀಟನ್ನು ಗ್ರಂಥಾಲಯದ ಗೋಡೆಗೆ ಅಂಟಿಸಿ ಪಕ್ಕದಲ್ಲಿ ಪೆನ್ನು ತೂಗುಹಾಕಿದೆವು. ಜನ ತಿದ್ದಿದರು ನೋಡಿ, ಧಾರಾಳವಾಗಿ ತಿದ್ದಿದರು.

'ಬ್ರಾಡ್‌ಬ್ಯಾಂಡ್ ಇದೆ' ಅಂತ ಎಲ್ಲೂ ಬರೆಯಲಿಲ್ಲ, ವೇಗದ ಸಂಖ್ಯೆಯನ್ನೇ ಬರೆದೆವು. ನಮ್ಮ ದೇಶದಲ್ಲಿ 2023ರ ಜನವರಿವರೆಗೆ ಸೆಕೆಂಡಿಗೆ 512 ಕಿಲೋಬಿಟ್ ಇದ್ದರೂ ಅದು ಬ್ರಾಡ್‌ಬ್ಯಾಂಡ್, ಆಮೇಲೆ 2 ಮೆಗಾಬಿಟ್ ಆಯಿತು. ಅಮೆರಿಕದವರು 2024ರಲ್ಲಿ ಇಳಿಕೆಗೆ (ಡೌನ್‌ಲೋಡ್) 100, ಏರಿಕೆಗೆ (ಅಪ್‌ಲೋಡ್) 20 ಮೆಗಾಬಿಟ್ ಅಂತ ಮಾಡಿದರು. ಗೆರೆ ಎಲ್ಲಿ ಬೇಕಾದರೂ ಎಳೆಯಲಿ, ಸಂಖ್ಯೆ ಕೈಯಲ್ಲಿದ್ದರೆ ಆಯಿತು.

ಅಳತೆಗೆ ಎಮ್-ಲ್ಯಾಬ್ (ಮೆಷರ್‌ಮೆಂಟ್ ಲ್ಯಾಬ್) ಎಂಬ ಇಂಟರ್ನೆಟ್ ಅಳತೆಯ ಯೋಜನೆಯ ಸ್ಪೀಡ್ ಟೆಸ್ಟ್ ಬಳಸಿದೆವು, ಅದರ ಫಲಿತಾಂಶ ಯಾರಿಗೂ ತೆರೆದಿರುತ್ತದೆ. ಜೊತೆಗೆ ಅಳೆದವರ ಐಪಿ ವಿಳಾಸವೂ (ನೆಟ್‌ನಲ್ಲಿ ಅವರ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಪ್ರಕಟವಾಗುತ್ತದೆ, ಅದನ್ನು ಮನೆಯವರಿಗೆ ಮೊದಲೇ ಹೇಳಿ ಒಪ್ಪಿಗೆ ಕೇಳಬೇಕು. ಬೇಡ ಅಂದವರನ್ನು ಒತ್ತಾಯಿಸಲಿಲ್ಲ. ಗೋಡೆಯ ಶೀಟಿನಲ್ಲಿ ಹೆಸರು, ನಂಬರ್ ಹಾಕಲಿಲ್ಲ, ಬೈಲಿನ ಹೆಸರು ಮಾತ್ರ. ಎರಡೇ ಮನೆ ಇರುವ ಬೈಲನ್ನು ಪಕ್ಕದ್ದರ ಜೊತೆ ಸೇರಿಸಿದೆವು, ಇಲ್ಲದಿದ್ದರೆ ಯಾರದ್ದೆಂದು ಊರಿಗೆಲ್ಲ ಗೊತ್ತಾಗುತ್ತದೆ ಅಲ್ವಾ.

ಅಳೆಯುವ ಜಾಗ, ಹೊತ್ತು ಎರಡೂ ಮುಖ್ಯ. ಒಂದು ಹಳೇ ಮುರಕಲ್ಲಿನ ಮನೆಯಲ್ಲಿ ರೂಟರ್ ಚಾವಡಿಯಲ್ಲಿತ್ತು. ಅದರ ಪಕ್ಕ ನಿಂತರೆ ದುಡ್ಡು ಕೊಟ್ಟಷ್ಟೂ ವೇಗ. ಎರಡು ಗೋಡೆ ದಾಟಿ ಅಡುಗೆಮನೆಗೆ ಹೋದರೆ ಪುಟ ತೆರೆಯದೆ ಸುಮ್ನೆ ಸುತ್ತುತ್ತಿತ್ತು. "ಕೇಬಲ್‌ನವರದ್ದೇ ಮೋಸ" ಅಂತಿದ್ದರು ಆ ಮನೆಯ ಅಕ್ಕ, ಆದರೆ ಅಲ್ಲಿ ತಡೆಯುತ್ತಿದ್ದದ್ದು ಕಲ್ಲು. ಹಾಗಾಗಿ ರೂಟರ್ ಇದ್ದಲ್ಲಿ ಅದರ ಪಕ್ಕದಲ್ಲೇ ಅಳೆದೆವು, ವೈಫೈ ದೂರುಗಳನ್ನು ಬೇರೆ ಬರೆದೆವು. ಬೆಳಿಗ್ಗೆ ಒಂದು ಅಳತೆ, ರಾತ್ರಿ ಎಂಟರ ಮೇಲೆ ಇನ್ನೊಂದು. ಎಲ್ಲರೂ ಫೋನ್ ಹಿಡಿದು ಕೂರುವ ಹೊತ್ತಿನ ಅಳತೆಯನ್ನೇ ನಾನು ಹೆಚ್ಚು ನಂಬುತ್ತೇನೆ.

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ದೊಡ್ಡ ತೂತು ಬೇರೆ ಕಡೆ ಇದೆ. ನೆಟ್ ಇಲ್ಲದವನು ಸ್ಪೀಡ್ ಟೆಸ್ಟ್ ಮಾಡುವುದು ಹೇಗೆ? ಆ್ಯಪ್‌ಗಳಲ್ಲಿ ಸೇರುವ ಸರಾಸರಿಯೆಲ್ಲ ನೆಟ್ ಬಂದವರದ್ದು, ಬಂದ ಹೊತ್ತಿನದ್ದು. ಮಳೆಗೆ ಅಡಿಕೆ ಮರ ಬಿದ್ದು ತಂತಿ ಹರಿದು, ಮೋಡೆಮ್‌ನಲ್ಲಿ ಕೆಂಪು ದೀಪ ಮಿಣುಕುತ್ತಿರುವ ಮನೆ ಆ ಸರಾಸರಿಯಲ್ಲಿ ಸೊನ್ನೆಯಾಗಿ ಕೂಡ ಇರುವುದಿಲ್ಲ. ಅದಕ್ಕೆ ನಾವು ಟೆಸ್ಟ್ ಆಗದಿದ್ದರೂ ಸಾಲು ಖಾಲಿ ಬಿಡಲಿಲ್ಲ: ದಿನ, ಹೊತ್ತು, 'ಆಗಲಿಲ್ಲ', ದೀಪದ ಬಣ್ಣ. ಇಷ್ಟನ್ನು ಕಾಗದದಲ್ಲೇ ಬರೆದೆವು. ಆ್ಯಪ್‌ನಲ್ಲೇ ತುಂಬಿಸೋಣ ಅಂದ ಹುಡುಗರೂ ಬೈಲಿಗೆ ಇಳಿದ ಮೇಲೆ ಪೆನ್ನು ಕೇಳಿದರು.

ಕೇರಳದಲ್ಲಿ ಗ್ರಾಮಸಭೆ ವಾರ್ಡಿಗೊಂದು. ಅಲ್ಲಿ ಈ ಶೀಟು ಓದಿದಾಗ ವೇಗದ ಸಂಖ್ಯೆಗಳಿಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, 'ಆಗಲಿಲ್ಲ' ಎಂಬ ಸಾಲುಗಳನ್ನು ಮಾತ್ರ ಮತ್ತೆ ಓದಿಸಿದರು. ಪ್ರತಿಯನ್ನು ಪಂಚಾಯತಿಗೆ ಕೊಟ್ಟಿದ್ದೇವೆ. ಊರಿನ ಕೇಬಲ್‌ನವರೂ ಒಂದು ಕೇಳಿ ತೆಗೆದುಕೊಂಡು ಹೋದರು, ಯಾವ ಬೈಲಿನಲ್ಲಿ ತಂತಿ ಪದೇ ಪದೇ ಹೋಗುತ್ತದೆಂದು ಅವರಿಗೂ ಬೇಕಿತ್ತಂತೆ. ಈ ಮಳೆಗಾಲಕ್ಕೆ ಇನ್ನೊಂದು ಕಾಲಮ್ ಸೇರಿಸಿದ್ದೇವೆ: ಕರೆಂಟ್ ಹೋದ ಮೇಲೆ ಟವರ್ ಎಷ್ಟು ಹೊತ್ತು ಜೀವ ಹಿಡಿದಿರುತ್ತದೆ.